ಗಟಾರದಿಂದ ಗಂಗಾವಳಿಯ ಅಳಿವೆಯವರೆಗೆ

ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯು ಹುಬ್ಬಳ್ಳಿಯ ಕಡೆಯಿಂದ ಬರುವ ಹಳ್ಳವನ್ನು ಕಲಘಟಗಿ ಸೀಮೆಯಲ್ಲಿ ಕೂಡಿಕೊಂಡು ಬೇಡ್ತಿಯಾಗುತ್ತದೆ. ಮುಂದೆ ಯಲ್ಲಾಪುರದ ಕಾಡುಗಳನ್ನು ಹಾದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರು ಹೊತ್ತು ಅಂಕೋಲಾ ಮತ್ತು ಗೋಕರ್ಣಗಳ ನಡುವೆ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಇಡೀ ಹರಿವಿನ ಉದ್ದ ಸುಮಾರು 160 ಕಿ.ಮೀ. ಮಾತ್ರ. ಹುಬ್ಬಳ್ಳಿ-ಧಾರವಾಡ ಅವಳಿನಗರದ ಇನ್ನೊಂದು ಮಗ್ಗುಲಿನ ನೀರು ಪೂರ್ವಕ್ಕೆ ತಿರುಗಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ಮೂಲಕ ಮಲಪ್ರಭೆಗೂ ಅಲ್ಲಿಂದ ಕೃಷ್ಣೆಗೂ ಇಳಿಯುತ್ತದೆ. ಹಾವೇರಿಯ ವರದಾ ನದಿ ತುಂಗಭದ್ರೆಯನ್ನು ಸೇರಿ ಅದೇ ಕೃಷ್ಣೆಯೊಂದಿಗೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಕಡಲಿನ ರಕ್ಷಣೆಯ ಮಾತು ಬಂದಾಗ ಅದು ಕಾರವಾರ, ಉಡುಪಿ, ಮಂಗಳೂರಿನವರ ಕೆಲಸವೆಂದು ನಮ್ಮ ಭಾಗದಲ್ಲಿ ಸುಮ್ಮನಾಗುವುದು ರೂಢಿ. ಮಲಿನ ನೀರಿನ ಶುದ್ಧೀಕರಣವನ್ನೇ ವೃತ್ತಿಯಾಗಿಸಿಕೊಂಡ ನನಗೆ, ಎರಡು ಸಮುದ್ರಗಳಿಗೆ ನೀರು ಕಳಿಸುವ ಈ ದಿಬ್ಬದ ಮೇಲೆ ಕುಳಿತು ಹಾಗೆ ಸುಮ್ಮನಾಗುವುದು ಸರಿಯೆನಿಸುವುದಿಲ್ಲ.

ಎರಡೂ ದಾರಿಗಳು ಒಂದೇ ಬಗೆಯವಲ್ಲ. ಪೂರ್ವಕ್ಕೆ ಹೋದ ನೀರು ನಾರಾಯಣಪುರ, ಶ್ರೀಶೈಲ, ನಾಗಾರ್ಜುನ ಸಾಗರದಂಥ ಜಲಾಶಯಗಳಲ್ಲಿ ನಿಂತು ನಿಂತು ಸಾಗುವುದರಿಂದ ಅದು ಹೊತ್ತ ಹೂಳು ಮತ್ತು ಕಸದ ಬಹುಭಾಗ ಅಲ್ಲಲ್ಲೇ ತಳ ಸೇರುತ್ತದೆ. ಬೇಡ್ತಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟಿಲ್ಲ. 1980ರ ದಶಕದ ಆರಂಭದಲ್ಲಿ ಅಲ್ಲಿನ ಜಲವಿದ್ಯುತ್ ಯೋಜನೆ ಜನರ ವಿರೋಧದಿಂದ ಕೈಬಿಟ್ಟುಹೋಯಿತು. ನದಿ ಹೀಗೆ ತಡೆಯಿಲ್ಲದೆ ಹರಿಯುವುದು ಕರಾವಳಿಗೆ ದೊಡ್ಡ ಭಾಗ್ಯ, ಏಕೆಂದರೆ ಮರಳು ಮತ್ತು ಪೋಷಕಾಂಶಗಳು ಅಳಿವೆಯನ್ನು, ಅಂದರೆ ನದಿಯು ಕಡಲನ್ನು ಸೇರುವ ಮುಖವನ್ನು, ತಲುಪುತ್ತವೆ. ಆದರೆ ನಾವು ಗಟಾರಕ್ಕೆ ಬಿಟ್ಟದ್ದೂ ಅದೇ ದಾರಿಯಲ್ಲಿ ತಡೆಯಿಲ್ಲದೆ ಹೋಗುತ್ತದೆ.

ಹಾಗೆಂದು ಧಾರವಾಡದ ಚರಂಡಿ ನೀರು ಇದ್ದ ಹಾಗೆಯೇ ಅಂಕೋಲೆಯನ್ನು ತಲುಪುತ್ತದೆಂದು ಹೇಳಿದರೆ ಅದು ತಪ್ಪಾಗುತ್ತದೆ. ಊರಿನ ಕಚ್ಚಾ ಮಲಿನ ನೀರಿನಲ್ಲಿ ಜೈವಿಕ ಆಮ್ಲಜನಕ ಬೇಡಿಕೆ, ಅಂದರೆ ಅದರಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ ಇರುತ್ತದೆ. ಸ್ವಚ್ಛ ನದಿನೀರಿನಲ್ಲಿ ಕರಗಿರುವ ಆಮ್ಲಜನಕವಾದರೋ 8 ಮಿಲಿಗ್ರಾಂ ಆಸುಪಾಸು. ಈ ಅಂತರವನ್ನು ತುಂಬಲು ನದಿಗೆ ಕಾಲ, ದೂರ, ಬಂಡೆಗಳ ಮೇಲಿನ ಹರಿವು ಮತ್ತು ಕೊಳೆಯನ್ನು ತೆಳುವಾಗಿಸುವಷ್ಟು ಶುದ್ಧ ನೀರು ಬೇಕು. ಬೇಡ್ತಿಗೆ ಕಾಡಿನ ನಡುವೆ ಇವೆಲ್ಲ ಸಿಗುತ್ತವೆ, ಪ್ರಪಾತಗಳಲ್ಲಿ ಗಾಳಿಯೂ ಬೆರೆಯುತ್ತದೆ, ಆದ್ದರಿಂದ ಮಲಮೂತ್ರ, ಅನ್ನದ ಗಂಜಿ, ತರಕಾರಿ ಸಿಪ್ಪೆಯಂಥ ಜೀವಮೂಲದ ಕೊಳೆಯ ಬಹುಭಾಗವನ್ನು ಅದು ದಾರಿಯಲ್ಲೇ ಅರಗಿಸಿಕೊಳ್ಳಬಲ್ಲದು. ಶಾಂಪೂ ಚೀಟಿ, ಗುಟ್ಕಾ ಪ್ಯಾಕೆಟ್, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ, ಸಿಂಥೆಟಿಕ್ ಬಟ್ಟೆ ಒಗೆದಾಗ ಬಿಡುವ ಎಳೆಗಳು, ಗಣಪತಿಯ ಮೂರ್ತಿಗಳ ಬಣ್ಣದಲ್ಲಿರುವ ಸೀಸ, ಗ್ಯಾರೇಜಿನ ಸುಟ್ಟ ಎಣ್ಣೆ, ಬ್ಯಾಟರಿ ಅಂಗಡಿಯ ತ್ಯಾಜ್ಯ ಇವನ್ನು ಮಾತ್ರ ಯಾವ ನದಿಯೂ ಆ ದೂರದಲ್ಲಿ ಅರಗಿಸಲಾರದು. ಪ್ಲಾಸ್ಟಿಕ್ ಒಡೆದು ಐದು ಮಿಲಿಮೀಟರಿಗಿಂತ ಚಿಕ್ಕ ಕಣಗಳಾಗುತ್ತದೆ, ಲೋಹಗಳು ಹೂಳಿಗೆ ಅಂಟಿಕೊಳ್ಳುತ್ತವೆ, ಮತ್ತು ಎರಡೂ ನೆರೆಯ ನೀರಿಗಾಗಿ ಕಾದಿರುತ್ತವೆ.

ಆ ನೆರೆ ಬರುವ ಕಾಲವೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ. ಬೇಸಿಗೆಯುದ್ದಕ್ಕೂ ನಾಲಾಗಳಲ್ಲಿ ಹರಿವು ಕುಗ್ಗಿ ಕಸ, ಹೂಳು, ಎಣ್ಣೆ ಪದರ ಪದರವಾಗಿ ಕೂಡುತ್ತವೆ. ರೋಹಿಣಿ, ಮೃಗಶಿರಾ ಮಳೆಗಳ ಮೊದಲ ಒಂದೆರಡು ಹೊಡೆತಕ್ಕೆ ಅಷ್ಟೂ ಕಿತ್ತು ನದಿಗೆ ಬೀಳುತ್ತದೆ. ಆ ದಿನಗಳಲ್ಲಿ ನೀರು ವೇಗವಾಗಿ ಓಡುವುದರಿಂದ, ಮೇಲೆ ಹೇಳಿದ ಅರಗಿಸುವ ಕೆಲಸಕ್ಕೂ ಸಮಯ ಸಿಗುವುದಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದು, ಹಲವು ಮೀನುಗಳು ಮೊಟ್ಟೆಯಿಟ್ಟು ಮರಿ ಮಾಡುವ ಕಾಲ ಅದೆಂಬ ಕಾರಣಕ್ಕೆ. ಮೀನುಗಾರನು ತನ್ನ ದುಡಿಮೆಯನ್ನೇ ನಿಲ್ಲಿಸಿ ಮರಿಗಳಿಗೆ ದಾರಿ ಬಿಡುವ ತಿಂಗಳುಗಳಲ್ಲೇ ಒಳನಾಡಿನ ಊರುಗಳ ವರ್ಷದ ಕಸ ಅಳಿವೆಗೆ ಬಂದು ಬೀಳುತ್ತದೆ. ಇದನ್ನು ಅನ್ಯಾಯವೆಂದು ಕರೆಯಲು ನಾನು ಹಿಂಜರಿಯುವುದಿಲ್ಲ.

ಅಳಿವೆಯಲ್ಲಿ ಏನಾಗುತ್ತದೆಂದು ನೋಡೋಣ. ಸಿಹಿನೀರು ಉಪ್ಪುನೀರಿಗೆ ಬೆರೆತೊಡನೆ ನದಿಯ ನುಣ್ಣನೆಯ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ, ಅವುಗಳಿಗಂಟಿದ ಲೋಹವೂ ಅಲ್ಲೇ ನೆಲೆಯೂರುತ್ತದೆ. ಅದೇ ಕೆಸರು ಮತ್ತು ಬಂಡೆಗಳಲ್ಲಿ ಬದುಕುವ ಚಿಪ್ಪಿಕಲ್ಲುಗಳು ನೀರನ್ನು ಸೋಸಿ ಉಣ್ಣುವ ಜೀವಿಗಳಾದ್ದರಿಂದ, ಆಹಾರದ ಜೊತೆಗೆ ವಿಷವನ್ನೂ ಪ್ಲಾಸ್ಟಿಕ್ ಕಣವನ್ನೂ ಮೈಯಲ್ಲಿ ಕೂಡಿಸಿಕೊಳ್ಳುತ್ತವೆ. ಉತ್ತರ ಕನ್ನಡದ ಅಳಿವೆಗಳಲ್ಲಿ ಅವನ್ನು ಆಯ್ದು ಮಾರಿ ಬದುಕುವ ಕುಟುಂಬಗಳಿವೆ. ಸಿಗಡಿ ಮರಿಗಳು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಬೆಳೆಯುತ್ತವೆ, ತೇಲಿಬಂದ ಕ್ಯಾರಿಬ್ಯಾಗುಗಳು ಸುತ್ತಿಕೊಳ್ಳುವುದೂ ಆ ಬೇರುಗಳಿಗೇ. ನದೀಮುಖಗಳ ಆಳವಿಲ್ಲದ ನೀರನ್ನೇ ನೆಚ್ಚಿರುವ ಗೂನುಬೆನ್ನಿನ ಡಾಲ್ಫಿನ್ ಜಾಗತಿಕವಾಗಿ ಅಳಿವಿನಂಚಿನಲ್ಲಿರುವ ಪ್ರಾಣಿ. ಈ ತೀರದಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲೆ ಕಡಲಾಮೆಯಂತೆ ಇದಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯ ರಕ್ಷಣೆಯಿದೆ. ಈ ಎರಡಕ್ಕೂ ಬಲೆಗಳಿಂದಾಗುವ ಹಾನಿಯೇ ದೊಡ್ಡದು ಎಂಬುದನ್ನು ಮರೆಮಾಚಬಾರದು. ಆದರೆ ಕೊಬ್ಬಿನಲ್ಲಿ ಕೂಡುವ ವಿಷ ಮತ್ತು ಹೊಟ್ಟೆ ಸೇರುವ ಪ್ಲಾಸ್ಟಿಕ್ಕಿನ ಪಾಲು ನಮ್ಮದೂ ಹೌದು.

ಗೊಬ್ಬರದ ವಿಷಯವನ್ನು ನಮ್ಮ ರೈತರಿಗೆ ವಿವರಿಸಲು ಕಡಲಿನವರೆಗೆ ಹೋಗಬೇಕಿಲ್ಲ, ತುಂಗಭದ್ರಾ ಜಲಾಶಯದ ಹಿನ್ನೀರು ಇತ್ತೀಚಿನ ವರ್ಷಗಳಲ್ಲಿ ಪದೇ ಪದೇ ಹಸಿರಾದದ್ದನ್ನು ಅವರು ಕಂಡಿದ್ದಾರೆ. ಗೊಬ್ಬರದಿಂದ ಹರಿದುಬಂದ ಸಾರಜನಕ, ರಂಜಕಗಳು ಹೆಚ್ಚಾದ ನೀರಿನಲ್ಲಿ ಪಾಚಿ ಉಕ್ಕುತ್ತದೆ, ಸತ್ತು ಕೊಳೆಯುವಾಗ ಆಮ್ಲಜನಕವನ್ನು ಹೀರುತ್ತದೆ, ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳು ಅಲ್ಲಿ ಉಳಿಯಲಾರವು. ನಮ್ಮ ಪಶ್ಚಿಮ ಕರಾವಳಿಗೆ ಇದು ಇನ್ನಷ್ಟು ಸೂಕ್ಷ್ಮ ಸಂಗತಿ, ಏಕೆಂದರೆ ನೈಋತ್ಯ ಮುಂಗಾರಿನಲ್ಲಿ ಆಳದ ಕಡಿಮೆ ಆಮ್ಲಜನಕದ ನೀರು ಸಹಜವಾಗಿಯೇ ತೀರದತ್ತ ಮೇಲೇರುತ್ತದೆ. ಮೊದಲೇ ಉಸಿರು ಕಡಿಮೆಯಿರುವ ನೀರಿಗೆ ನಾವು ಇನ್ನಷ್ಟು ಪೋಷಕಾಂಶ ಸುರಿಯುತ್ತಿದ್ದೇವೆ. ಗೋವಿನಜೋಳಕ್ಕೆ ಯೂರಿಯಾವನ್ನು ಒಮ್ಮೆಲೇ ಸುರಿಯದೆ ಕಂತುಗಳಲ್ಲಿ ಕೊಡುವುದು, ಬಿರುಮಳೆಯ ಮುನ್ಸೂಚನೆಯಿದ್ದಾಗ ನಿಲ್ಲಿಸುವುದು, ಬದುಗಳಲ್ಲಿ ಹುಲ್ಲು ಉಳಿಸುವುದು ರೈತನ ಹಣವನ್ನೂ ಉಳಿಸುತ್ತವೆ.

ಕಾನೂನುಗಳು ಕಡಲ ಕಡೆಯಿಂದಲೇ ನೋಡುತ್ತವೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ನದಿಯಲ್ಲಿ ಉಬ್ಬರದ ಪ್ರಭಾವ ಇರುವಷ್ಟು ದೂರ ಮಾತ್ರ ಒಳಗೆ ಬರುತ್ತದೆ. ದೀಪ ಬೆಳಗಿ ಮೀನನ್ನು ಸೆಳೆಯುವ ಬೆಳಕಿನ ಮೀನುಗಾರಿಕೆ ಮತ್ತು ಎರಡು ದೋಣಿಗಳು ಒಂದೇ ಬಲೆಯನ್ನು ಎಳೆಯುವ ಬುಲ್ ಟ್ರಾಲಿಂಗ್‌ಗಳ ಮೇಲಿನ 2017ರ ನಿಷೇಧಗಳು ದೋಣಿಗಳಿಗೆ ಸಂಬಂಧಿಸಿದವು. ಉಬ್ಬರದ ಗೆರೆಯ ಮೇಲೆ ಇರುವವರಿಗೆ 1974ರ ಜಲಮಾಲಿನ್ಯ ಕಾಯ್ದೆಯೂ ಪ್ಲಾಸ್ಟಿಕ್ ನಿಷೇಧಗಳೂ ಇವೆ, ಆದರೆ ಅವನ್ನು ಜಾರಿ ಮಾಡುವಾಗ ಯಾರೂ ಸಮುದ್ರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅವಳಿನಗರದಲ್ಲಿ ಆಗಬೇಕಾದ ಮೊದಲ ಕೆಲಸಕ್ಕೆ ಹೊಸ ತಂತ್ರಜ್ಞಾನ ಬೇಡ. ಮೇ ತಿಂಗಳೊಳಗೆ ನಾಲಾಗಳ ಹೂಳೆತ್ತಬೇಕು, ಮತ್ತು ಎತ್ತಿದ ಹೂಳನ್ನು ದಂಡೆಯ ಮೇಲೆ ಬಿಡದೆ ಅಂದೇ ಸಾಗಿಸಬೇಕು; ದಂಡೆಯ ಮೇಲೆ ಬಿಟ್ಟದ್ದು ಮೊದಲ ಮಳೆಗೇ ವಾಪಸು ನೀರಿಗೆ ಬೀಳುತ್ತದೆ, ಖರ್ಚು ಮಾತ್ರ ಉಳಿಯುತ್ತದೆ. ನಾಲಾ ಊರು ಬಿಡುವ ಜಾಗದಲ್ಲಿ ಕಬ್ಬಿಣದ ಜಾಲರಿ ಹಾಕಿ ಮಳೆಗಾಲದಲ್ಲಿ ದಿನವೂ ತೆರವು ಮಾಡಬೇಕು. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಗಾಡಿಗಳು ಹಳ್ಳಕ್ಕೆ ಸುರಿಯದೆ ಶುದ್ಧೀಕರಣ ಘಟಕಕ್ಕೇ ಹೋಗುವಂತೆ ನಿಗಾ ಇರಬೇಕು. ಘಟಕಗಳು ಪ್ಲಾಸ್ಟಿಕ್ ಎಳೆಗಳ ಬಹುಪಾಲನ್ನು ಕೆಸರಿನಲ್ಲಿ ಹಿಡಿದಿಡುತ್ತವೆ ಎಂಬುದು ನಿಜ, ಆದರೆ ಆ ಕೆಸರನ್ನು ಪರೀಕ್ಷಿಸದೆ ಹೊಲಕ್ಕೆ ಕೊಟ್ಟರೆ ಮಳೆ ಅದನ್ನು ಮತ್ತೆ ಹಳ್ಳಕ್ಕಿಳಿಸುತ್ತದೆ.

ಇನ್ನೊಂದು ಮಾತು ನಮ್ಮ ಭಾಗದಲ್ಲಿ ಕಹಿಯೆನಿಸಬಹುದು. ಕುಡಿಯುವ ನೀರಿಗಾಗಿ ಇಲ್ಲಿನ ಜನ ಪಡುವ ಪಾಡನ್ನು ನಾನು ಬಲ್ಲೆ, ಅವರ ಬೇಡಿಕೆ ನ್ಯಾಯವಾದದ್ದು. ಆದರೆ ಪಶ್ಚಿಮಕ್ಕೆ ಹರಿಯುವ ನದಿಗಳ ನೀರೆಲ್ಲ ಕಡಲಿಗೆ ವ್ಯರ್ಥವಾಗಿ ಹೋಗುತ್ತಿದೆ ಎಂಬ ವಾದವನ್ನು ನನ್ನ ವೃತ್ತಿ ಒಪ್ಪುವುದಿಲ್ಲ. ಅಳಿವೆಯ ಉಪ್ಪಿನ ಹದ, ಕಾಂಡ್ಲಾ, ಚಿಪ್ಪಿಕಲ್ಲು, ಸಿಗಡಿ ಮರಿ, ತೀರದ ಮರಳು ಎಲ್ಲವೂ ಆ ಸಿಹಿನೀರಿನ ಮೇಲೆ ನಿಂತಿವೆ. ಆ ನೀರನ್ನು ಇತ್ತ ತಿರುಗಿಸುವ ಯಾವುದೇ ಯೋಜನೆಯು ಅಳಿವೆಗೆ ಯಾವ ತಿಂಗಳಲ್ಲಿ ಎಷ್ಟು ನೀರು ಬೇಕೆಂಬ ಲೆಕ್ಕವನ್ನು ಮೊದಲು ಮಾಡಬೇಕು.

ಅಳತೆಯ ಕ್ರಮವೂ ಬದಲಾಗಬೇಕಿದೆ. ನದಿನೀರಿನ ಮಾದರಿಯನ್ನು ತಿಂಗಳಿಗೊಮ್ಮೆ ನಿಗದಿತ ದಿನ ತೆಗೆದರೆ ಮೊದಲ ಮಳೆಯ ಹೊಡೆತ ಲೆಕ್ಕಕ್ಕೆ ಸಿಗದೆ ಜಾರಿಹೋಗುತ್ತದೆ. ಜೂನ್ ಮೊದಲ ವಾರಗಳಲ್ಲಿ ಮಳೆ ಬಿದ್ದ ಕೂಡಲೇ ಅವಳಿನಗರದ ನಾಲಾಗಳಲ್ಲಿ, ಕಲಘಟಗಿಯ ಕೆಳಗೆ ಬೇಡ್ತಿಯಲ್ಲಿ, ಎರಡು ಮೂರು ದಿನಗಳ ಅಂತರದಲ್ಲಿ ಗಂಗಾವಳಿಯ ಅಳಿವೆಯಲ್ಲಿ ಮಾದರಿ ತೆಗೆದು, ಪ್ಲಾಸ್ಟಿಕ್, ಲೋಹ, ರಂಜಕಗಳ ಅಳತೆಯನ್ನು ಒಂದೇ ಕೋಷ್ಟಕದಲ್ಲಿ ಪ್ರಕಟಿಸಿದರೆ, ಮುಂದಿನ ಬೇಸಿಗೆಯಲ್ಲಿ ಯಾವ ನಾಲಾದ ಹೂಳನ್ನು ಮೊದಲು ಎತ್ತಬೇಕೆಂಬುದು ನಿರ್ಧಾರವಾಗುತ್ತದೆ.