ಹೊಲಿಗೆ ಯಂತ್ರದ ಸೂಜಿ: ತೂತಿಗಿಂತ ಕುಣಿಕೆ ಮುಖ್ಯ

ಹೊಲಿಗೆ ಯಂತ್ರ ನಡುನಡುವೆ ಹೊಲಿಗೆ ಬಿಡತೊಡಗಿದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಟೆನ್ಷನ್ ತಿರುಪಿನ ಕಡೆಗೆ. ಅದನ್ನು ಬಿಗಿ ಮಾಡಿ, ಸಡಿಲಿಸಿ, ಬಾಬಿನ್ ತೆಗೆದು ಮತ್ತೆ ಕೂರಿಸಿ, ಎಣ್ಣೆ ಬಿಟ್ಟು, ಏನೂ ಫಲ ಕಾಣದಾಗ ಯಂತ್ರವೇ ಹಳತಾಯಿತೆಂದು ತೀರ್ಮಾನಿಸುವವರೂ ಇದ್ದಾರೆ. ಈ ಇಡೀ ತಪಾಸಣೆಯಲ್ಲಿ ಸೂಜಿಯ ಸರದಿ ಬರುವುದು ಅದು ಮುರಿದಾಗ ಮಾತ್ರ. ಯಂತ್ರದ ಭಾಗಗಳಲ್ಲೆಲ್ಲ ಅಗ್ಗದ್ದೂ ಬೇಗ ಸವೆಯುವಂಥದ್ದೂ ಆದ ಈ ಉಕ್ಕಿನ ಕಡ್ಡಿಯನ್ನು ಬಟ್ಟೆಗೆ ತೂತು ಕೊರೆಯುವ ಸಾಧನವೆಂದಷ್ಟೇ ನಾವು ತಿಳಿದಿರುವುದು ಇದಕ್ಕೆ ಕಾರಣ. ತೂತು ಮಾಡುವುದು ಅದರ ಕೆಲಸದ ಸುಲಭದ ಪಾಲು. ನಾಜೂಕಿನ ಪಾಲು ಬಟ್ಟೆಯ ಅಡಿಯಲ್ಲಿ, ಕಣ್ಣಿಗೆ ಬೀಳದಂತೆ ನಡೆಯುತ್ತದೆ. ಸೂಜಿಯ ಆಯ್ಕೆಗೆ ಸಂಬಂಧಿಸಿದ ಬಹುತೇಕ ನಿಯಮಗಳು ಹುಟ್ಟಿರುವುದೂ ಅಲ್ಲಿಂದಲೇ.

ಕೈಸೂಜಿಯ ಕಣ್ಣು ಹಿಂಬದಿಯ ತುದಿಯಲ್ಲಿರುತ್ತದೆ. ಸೂಜಿ ಪೂರ್ತಿಯಾಗಿ ಬಟ್ಟೆಯನ್ನು ದಾಟಿ ದಾರವನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಯಂತ್ರದ ಸೂಜಿಗೆ ಹಾಗೆ ದಾಟಿಹೋಗಲು ಬಾರದು. ಅದರ ಬುಡವನ್ನು ಯಂತ್ರ ಹಿಡಿದುಕೊಂಡಿರುವುದರಿಂದ ಅದು ಎಷ್ಟು ಇಳಿಯಿತೋ ಅಷ್ಟನ್ನೂ ಮತ್ತೆ ಏರಲೇಬೇಕು. ಆದ್ದರಿಂದಲೇ ಕಣ್ಣು ಮೊನೆಯ ಪಕ್ಕಕ್ಕೆ ಬಂತು. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಮೊನೆಯ ಬಳಿ ಕಣ್ಣಿದ್ದ ಬಾಗಿದ ಸೂಜಿಯೊಂದು, ಲಂಬವಾಗಿ ಹಿಡಿದ ಬಟ್ಟೆಯನ್ನು ಅಡ್ಡಲಾಗಿ ಚುಚ್ಚುತ್ತಿತ್ತು. ಆಚೆ ಬದಿಯಲ್ಲಿ ಒಂದು ಲಾಳಿ ಎರಡನೆಯ ದಾರವನ್ನು ಮೊದಲ ದಾರದ ಕುಣಿಕೆಯೊಳಗೆ ಹಾಯಿಸುತ್ತಿತ್ತು. ಇಂದು ಸೂಜಿ ನೆಟ್ಟಗಾಗಿದೆ, ಎಷ್ಟೋ ಯಂತ್ರಗಳಲ್ಲಿ ಲಾಳಿಯ ಜಾಗಕ್ಕೆ ತಿರುಗುವ ಕೊಕ್ಕೆ ಬಂದಿದೆ. ಎರಡು ದಾರಗಳು ಬಟ್ಟೆಯ ನಡುವೆ ಹೆಣೆದುಕೊಳ್ಳುವ ತತ್ವ ಮಾತ್ರ ಹಾಗೆಯೇ ಉಳಿದಿದೆ.

ಯಂತ್ರದ ಕೈಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಒಂದೇ ಒಂದು ಹೊಲಿಗೆಯನ್ನು ಗಮನಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಸೂಜಿ ತೀರ ಕೆಳಗೆ ಇಳಿದಾಗ ದಾರ ಅದರ ಎರಡೂ ಬದಿಗೆ ಅಂಟಿಕೊಂಡಿರುತ್ತದೆ. ಅಲ್ಲಿಂದ ಅದು ಸುಮಾರು ಎರಡು ಮಿ.ಮೀ. ಮೇಲೇರಿದಾಗ ಎರಡು ಬದಿಗಳಲ್ಲಿ ಎರಡು ಬೇರೆ ಬೇರೆ ಸಂಗತಿಗಳು ನಡೆಯುತ್ತವೆ. ಮುಂಬದಿಯಲ್ಲಿ ಸೂಜಿಯ ಉದ್ದಕ್ಕೂ ಕೊರೆದ ಒಂದು ಕಾಲುವೆ ಇದೆ. ದಾರ ಅದರೊಳಗೆ ಅಡಗಿ, ಬಟ್ಟೆಯ ಉಜ್ಜಾಟಕ್ಕೆ ಹೆಚ್ಚು ಸಿಗದೆ ಸರಾಗವಾಗಿ ಮೇಲೆ ಹೋಗುತ್ತದೆ. ಹಿಂಬದಿಯಲ್ಲಿ ಅಂಥ ಉದ್ದನೆಯ ಕಾಲುವೆ ಇಲ್ಲ. ಅಲ್ಲಿ ದಾರ ಬಟ್ಟೆಗೂ ಸೂಜಿಗೂ ನಡುವೆ ಸಿಕ್ಕಿಕೊಂಡು, ಘರ್ಷಣೆಯಿಂದಾಗಿ ಮೇಲೇರಲಾರದೆ, ಹೊರಗೆ ಉಬ್ಬಿ ಒಂದು ಪುಟ್ಟ ಕುಣಿಕೆಯಾಗುತ್ತದೆ. ಕಣ್ಣಿನ ತುಸು ಮೇಲೆ, ಅದೇ ಹಿಂಬದಿಯಲ್ಲಿ, ಸೂಜಿಯನ್ನು ಸ್ವಲ್ಪ ಕೆತ್ತಿ ಮಾಡಿದ ತಗ್ಗೊಂದಿದೆ. ಕೊಕ್ಕೆಯ ಮೊನೆ ಆ ತಗ್ಗಿನೊಳಗೆ, ಸೂಜಿಗೆ ತಾಗಿಯೂ ತಾಗದಂತೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಂತರದಲ್ಲಿ ಹಾದು ಕುಣಿಕೆಯನ್ನು ಹಿಡಿಯುತ್ತದೆ. ನಿಮಿಷಕ್ಕೆ 800 ಹೊಲಿಗೆ ಹಾಕುವ ಯಂತ್ರದಲ್ಲಿ ಒಂದು ಹೊಲಿಗೆಗೆ ಸಿಗುವ ಒಟ್ಟು ಸಮಯ 0.075 ಸೆಕೆಂಡು. ಕೊಕ್ಕೆ ಮತ್ತು ಕುಣಿಕೆಯ ಭೇಟಿಗೆ ಅದರಲ್ಲಿ ಒಂದು ಚಿಕ್ಕ ಪಾಲಷ್ಟೇ ದಕ್ಕುತ್ತದೆ. ಆ ಭೇಟಿ ತಪ್ಪಿದರೆ ಒಂದು ಹೊಲಿಗೆ ತಪ್ಪಿತೆಂದೇ ಅರ್ಥ.

ಇದನ್ನು ಒಪ್ಪಿದರೆ ಸೂಜಿಯನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಬಟ್ಟೆಯನ್ನಲ್ಲ, ದಾರವನ್ನು ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಬಟ್ಟೆ ನೋಡಿ ಸೂಜಿ ಹಾಕು ಎಂಬ ರೂಢಿಯ ಮಾತು ಸುಳ್ಳಲ್ಲ, ಆದರೆ ಅದು ಎರಡನೆಯ ಪ್ರಶ್ನೆಗೆ ಉತ್ತರ. ದಾರ ಕಾಲುವೆಯೊಳಗೆ ಪೂರ್ತಿ ಅಡಗದಷ್ಟು ದಪ್ಪವಾಗಿದ್ದರೆ ಮುಂಬದಿಯಲ್ಲೂ ಬಟ್ಟೆಗೆ ಉಜ್ಜಿ, ಎಳೆ ಬಿಚ್ಚಿ, ಕೊನೆಗೆ ತುಂಡಾಗುತ್ತದೆ. ಒಂದು ಹೊಲಿಗೆಗೆ ಬೇಕಾಗುವ ದಾರ ಕೆಲವೇ ಮಿ.ಮೀ. ಆದರೂ ಕೊಕ್ಕೆಯ ಸುತ್ತ ಹಾಯಿಸಲು ಅದಕ್ಕಿಂತ ಎಷ್ಟೋ ಹೆಚ್ಚು ದಾರ ಕೆಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಹೀಗಾಗಿ ದಾರದ ಅದೇ ಒಂದು ತುಣುಕು ಬಟ್ಟೆಯಲ್ಲಿ ನೆಲೆಗೊಳ್ಳುವ ಮೊದಲು ಸೂಜಿಯ ಕಣ್ಣಿನ ಮೂಲಕ ಹತ್ತಾರು ಸಲ ಓಡಾಡಿರುತ್ತದೆ. ಬಿಗಿಯಾದ ಕಣ್ಣಿನಲ್ಲಿ ಇಷ್ಟು ಸಲ ಉಜ್ಜಿಸಿಕೊಂಡ ದಾರ ಹೇಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಇದಕ್ಕೆ ತದ್ವಿರುದ್ಧವಾಗಿ, ಸಣ್ಣ ದಾರಕ್ಕೆ ದಪ್ಪ ಸೂಜಿ ಹಾಕಿದರೆ ಬಟ್ಟೆಯಲ್ಲಿ ಬೀಳುವ ತೂತು ದೊಡ್ಡದಾಗಿ ದಾರಕ್ಕೆ ಸಿಗಬೇಕಾದ ಹಿಡಿತ ಸಿಗುವುದಿಲ್ಲ. ಉಬ್ಬಬೇಕಾದ ಕುಣಿಕೆ ಸೂಜಿಯ ಜೊತೆಗೇ ಮೇಲೆ ಜಾರುತ್ತದೆ.

ದಾರಕ್ಕೂ ಕಣ್ಣಿಗೂ ಹೊಂದಿಕೆ ಇದೆಯೇ ಎಂದು ನೋಡಲು ಯಾವ ಉಪಕರಣವೂ ಬೇಡ. ಸೂಜಿಯನ್ನು ಯಂತ್ರದಿಂದ ಬಿಚ್ಚಿ, ಒಂದೆರಡು ಗೇಣು ದಾರವನ್ನು ಅದರ ಕಣ್ಣಿನಲ್ಲಿ ಪೋಣಿಸಿ, ದಾರದ ಎರಡೂ ತುದಿಗಳನ್ನು ಬಿಗಿಯಾಗಿ ಹಿಡಿದು ಸುಮಾರು 45 ಡಿಗ್ರಿ ಓರೆ ಮಾಡಬೇಕು. ಸೂಜಿ ತನ್ನ ಭಾರಕ್ಕೇ ಮೇಲಿನಿಂದ ಕೆಳಕ್ಕೆ ತಡೆಯಿಲ್ಲದೆ ಜಾರಿದರೆ ಜೋಡಿ ಸರಿಯಿದೆ. ನಡುವೆ ನಿಂತು ನಿಂತು ಇಳಿದರೆ, ಅಥವಾ ಇಳಿಯದೇ ಹೋದರೆ, ಒಂದು ಅಳತೆ ದೊಡ್ಡ ಸೂಜಿ ಬೇಕು. ದಪ್ಪ ಅಲಂಕಾರದ ದಾರ, ಲೋಹದ ಎಳೆ ಸುತ್ತಿದ ಜರಿ ದಾರಗಳಿಗೆ ಟಾಪ್‌ಸ್ಟಿಚ್ ಎಂಬ ಸೂಜಿ ಸಿಗುತ್ತದೆ. ಅದರ ಕಣ್ಣು ಸಾಮಾನ್ಯ ಸೂಜಿಯದಕ್ಕಿಂತ ಉದ್ದ, ಕಾಲುವೆಯೂ ಆಳ. ಹೆಸರು ನೋಡಿ ಅದನ್ನು ಮೇಲ್ಹೊಲಿಗೆಗೆ ಮಾತ್ರ ಮೀಸಲಿಡಬೇಕಾಗಿಲ್ಲ. ತುಂಡಾಗುತ್ತಲೇ ಇರುವ ಹಟಮಾರಿ ದಾರಗಳಿಗೆ ನನ್ನ ಮಟ್ಟಿಗೆ ಇದು ಮೊದಲ ಆಯ್ಕೆ.

ಇನ್ನು ಅಳತೆ. ಸೂಜಿಯ ಪೊಟ್ಟಣದ ಮೇಲೆ 70/10, 80/12, 90/14 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಸೂಜಿಯ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಹೇಳುತ್ತದೆ. 90 ಎಂದರೆ 0.9 ಮಿ.ಮೀ. ಎರಡನೆಯದು ಹಳೆಯ ಇನ್ನೊಂದು ಪದ್ಧತಿಯ ಅಂಕಿ. ಈ ಅಂಕಿಗಳ ನಡುವಿನ ಅಂತರ ನೋಡಲು ಜುಜುಬಿ ಎನಿಸುತ್ತದೆ. 75ರ ಸೂಜಿಗೂ 90ರ ಸೂಜಿಗೂ ಇರುವ ವ್ಯತ್ಯಾಸ ಮಿಲಿಮೀಟರಿನ ಏಳರಲ್ಲಿ ಒಂದು ಭಾಗದಷ್ಟು ಮಾತ್ರ. ಆದರೆ ದುಂಡು ಸರಳೊಂದು ಬಾಗದೆ ನಿಲ್ಲುವ ಶಕ್ತಿ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 90ನ್ನು 75ರಿಂದ ಭಾಗಿಸಿದರೆ 1.2, ಅದರ ನಾಲ್ಕನೆಯ ಘಾತ ಎರಡಕ್ಕಿಂತ ಒಂದಿಷ್ಟು ಹೆಚ್ಚು. ಅಂದರೆ ಶೇಕಡಾ 20ರಷ್ಟು ದಪ್ಪವಾದ ಸೂಜಿ ಎರಡು ಪಟ್ಟು ಗಡುಸು. ಕಾಲುವೆ ಮತ್ತು ತಗ್ಗಿನ ಕೆತ್ತನೆಯಿಂದ ಈ ಲೆಕ್ಕ ತುಸು ಆಚೀಚೆ ಆಗಬಹುದಾದರೂ ಅನುಪಾತ ಬಹಳ ಬದಲಾಗುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆ ತೂತಿನದು: ತೂತಿನ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಶೇಕಡಾ 44ರಷ್ಟು ಹಿಗ್ಗುತ್ತದೆ. ಗಡಸುತನ ಮತ್ತು ತೂತು ಇವೆರಡರ ನಡುವಿನ ಈ ಚೌಕಾಸಿಯೇ ಅಳತೆಯ ಆಯ್ಕೆ.

ಕೌದಿ ಹೊಲಿಯುವಾಗ ಈ ಚೌಕಾಸಿ ಬಿಗಿಯಾಗುತ್ತದೆ. ಇಲ್ಲಿ ಕೆಲಸ ಎರಡು ಹಂತದ್ದು, ಎರಡಕ್ಕೂ ಒಂದೇ ಸೂಜಿ ಸಾಲದು. ಮೊದಲ ಹಂತದಲ್ಲಿ ಚಿಕ್ಕ ಚಿಕ್ಕ ಬಟ್ಟೆಯ ತುಂಡುಗಳನ್ನು ಕಾಲು ಇಂಚಿನ ಅಂಚು ಬಿಟ್ಟು ಜೋಡಿಸಬೇಕು. ಇರುವುದು ಎರಡೇ ಪದರ. ಬೇಕಾದದ್ದು ಕರಾರುವಾಕ್ಕಾದ ನೇರ ಗೆರೆ. ಒತ್ತಾಗಿ ನೇಯ್ದ ಹತ್ತಿ ಬಟ್ಟೆಯಲ್ಲಿ ಮೊಂಡು ಮೊನೆ ಎಳೆಗಳ ಮೇಲೆ ಜಾರಿ ಒಮ್ಮೆ ಅತ್ತ, ಒಮ್ಮೆ ಇತ್ತ ಇಳಿಯುವುದರಿಂದ ಹೊಲಿಗೆ ಸಾಲು ಸಣ್ಣಗೆ ಅಂಕುಡೊಂಕಾಗುತ್ತದೆ. ಮೈಕ್ರೋಟೆಕ್ಸ್ ಎಂದು ಕರೆಯುವ, ಸಣ್ಣ ಮತ್ತು ಚೂಪು ಮೊನೆಯ 70 ಅಥವಾ 80ರ ಸೂಜಿ ಎಳೆಯನ್ನು ಬಳಸಿಕೊಂಡು ಹೋಗದೆ ನೇರವಾಗಿ ಇಳಿಯುತ್ತದೆ. ಎರಡನೆಯ ಹಂತದಲ್ಲಿ ಮೇಲಿನ ಹೊದಿಕೆ, ನಡುವಿನ ಹತ್ತಿಯ ಹಾಸು, ಅಡಿಯ ಬಟ್ಟೆ, ಈ ಮೂರನ್ನೂ ಒಟ್ಟಿಗೆ ಹಿಡಿದು ಹೊಲಿಯಬೇಕು. ಅಂಚುಗಳು ಕೂಡುವ ಮೂಲೆಗಳಲ್ಲಿ ಮಡಿಕೆಯ ಮೇಲೆ ಮಡಿಕೆ ಬಿದ್ದು ಪದರಗಳ ಸಂಖ್ಯೆ ಇನ್ನೂ ಏರುತ್ತದೆ. ಅಂಥ ಮೂಲೆಯ ಏಣನ್ನು ಓರೆಯಾಗಿ ಮುಟ್ಟಿದ ಸೂಜಿ ತೆಳ್ಳಗಿದ್ದರೆ ಬಳುಕುತ್ತದೆ. ಬಳುಕು ಕೊಕ್ಕೆಯಿಂದ ದೂರಕ್ಕಾದರೆ ಹೊಲಿಗೆ ತಪ್ಪುತ್ತದೆ, ಕೊಕ್ಕೆಯ ಕಡೆಗಾದರೆ ಉಕ್ಕಿಗೆ ಉಕ್ಕು ತಾಗಿ ಸೂಜಿ ಮುರಿಯುತ್ತದೆ, ಕೊಕ್ಕೆಯ ಮೊನೆಯೂ ಮುಕ್ಕಾಗುತ್ತದೆ.

ಯಂತ್ರದ ಹಲ್ಲುಗಳನ್ನು ಕೆಳಗಿಳಿಸಿ, ಬಟ್ಟೆಯನ್ನು ಕೈಯಿಂದಲೇ ಸರಿಸುತ್ತ ಬಳ್ಳಿ, ಸುರುಳಿಗಳನ್ನು ಮೂಡಿಸುವವರಿಗೆ ಈ ಕಾಟ ಇನ್ನೂ ಹೆಚ್ಚು. ಹಲ್ಲುಗಳು ಬಟ್ಟೆಯನ್ನು ಸರಿಸುವುದು ಸೂಜಿ ಬಟ್ಟೆಯಿಂದ ಮೇಲೆ ಬಂದ ಮೇಲೆ. ನಮ್ಮ ಕೈಗಳಿಗೆ ಅಷ್ಟು ಶಿಸ್ತಿಲ್ಲ. ಸೂಜಿ ಬಟ್ಟೆಯೊಳಗಿರುವಾಗಲೇ ಕೈ ಬಟ್ಟೆಯನ್ನು ಎಳೆದರೆ ಸೂಜಿಯೂ ಅದರ ಜೊತೆಗೆ ವಾಲುತ್ತದೆ. ಇಲ್ಲಿ 90ರ ಗಡಸುತನ ನೆರವಿಗೆ ಬರುತ್ತದೆ. ಹಾಗೆಂದು ದಪ್ಪ ಸೂಜಿಯನ್ನೇ ಹಾಕಿಬಿಡೋಣವೆಂದರೆ ನಡುವಿನ ಹಾಸಿನ ನಾರುಗಳು ದೊಡ್ಡ ತೂತುಗಳ ಮೂಲಕ ಹೊರಗೆ ಇಣುಕಿ, ಗಾಢ ಬಣ್ಣದ ಬಟ್ಟೆಯ ಮೇಲೆ ಬಿಳಿಯ ನವಿರಾಗಿ ಕಾಣತೊಡಗುತ್ತವೆ. ಕ್ವಿಲ್ಟಿಂಗ್ (ಕೌದಿ ಹೊಲಿಗೆ) ಎಂದೇ ಹೆಸರಿಟ್ಟು ಮಾರುವ ಎಚ್-ಕ್ಯೂ ಗುರುತಿನ ಸೂಜಿಗಳು ಹೆಚ್ಚಾಗಿ 75 ಮತ್ತು 90 ಎಂಬ ಎರಡೇ ಅಳತೆಗಳಲ್ಲಿ ಸಿಗುವುದು ಈ ಕಾರಣಕ್ಕೆ ಎಂದು ನನಗನಿಸುತ್ತದೆ. ಅವುಗಳ ಮೊನೆ ನೀಳವಾಗಿ ಕಿರಿದಾಗುತ್ತ ಹೋಗುವುದರಿಂದ ಪದರಗಳು ಒಮ್ಮೆಗೇ ಬಿರಿಯದೆ ಕ್ರಮೇಣ ದಾರಿಬಿಡುತ್ತವೆ. ತೆಳು ಹಾಸು, ಸಣ್ಣ ದಾರವಿದ್ದರೆ 75. ದಪ್ಪ ಹಾಸು, ದಪ್ಪ ದಾರ, ಕೈಯಿಂದ ಸರಿಸುವ ಕೆಲಸವಿದ್ದರೆ 90.

ಹೊಲಿಗೆ ತಪ್ಪಲು ಇನ್ನೊಂದು ಕಾರಣವೂ ಇದೆ. ಸೂಜಿ ಮೇಲೇರುವಾಗ ಬಟ್ಟೆಯನ್ನೂ ತನ್ನೊಂದಿಗೆ ಎತ್ತಿಬಿಟ್ಟರೆ ಕುಣಿಕೆ ಉಬ್ಬಲು ಬೇಕಾದ ಎಳೆತವೇ ಹುಟ್ಟುವುದಿಲ್ಲ. ಅಂಕುಡೊಂಕು ಹೊಲಿಗೆಗಾಗಿ ಬಟ್ಟೆಯ ಅಡಿಯಲ್ಲಿ ಸೂಜಿ ಹಾದುಹೋಗುವ ಅಗಲವಾದ ಕಂಡಿ ಇರುವ ಪ್ಲೇಟಿನ ಬದಲು ಒಂದೇ ದುಂಡು ತೂತಿನ ಪ್ಲೇಟನ್ನು ಹಾಕಿಕೊಂಡರೆ ಬಟ್ಟೆ ಕೆಳಕ್ಕೆ ಕುಸಿಯುವುದೂ ಮೇಲಕ್ಕೆ ಏಳುವುದೂ ಕಡಿಮೆಯಾಗುತ್ತದೆ. ಅದನ್ನು ಹಾಕಿದ ಮೇಲೆ ಮರೆತು ಅಂಕುಡೊಂಕು ಹೊಲಿಗೆಗೆ ಗುಂಡಿ ತಿರುಗಿಸಿದರೆ ಸೂಜಿ ನೇರವಾಗಿ ಪ್ಲೇಟಿಗೇ ಬಡಿಯುತ್ತದೆ, ಅಷ್ಟೇ.

ಮೊನೆಗಳ ವೈವಿಧ್ಯವನ್ನು ಕಂಡು ಗಾಬರಿಯಾಗಬೇಕಿಲ್ಲ. ಯೂನಿವರ್ಸಲ್ ಸೂಜಿಯ ಮೊನೆ ತುಸುವೇ ದುಂಡಗಿದ್ದು ದಿನನಿತ್ಯದ ನೇಯ್ಗೆ ಬಟ್ಟೆಗಳಿಗೆ ಸಾಕಾಗುತ್ತದೆ; 80ರದ್ದು ಒಂದು ಪೊಟ್ಟಣ ಇದ್ದರೆ ಸಾಮಾನ್ಯ ಹೊಲಿಗೆಯ ಬಹುಪಾಲು ನಡೆದುಹೋಗುತ್ತದೆ. ಟೀ ಶರ್ಟಿನಂಥ ಹೆಣಿಗೆ ಬಟ್ಟೆಗೆ ಮಾತ್ರ ಇದನ್ನು ನಾನು ನೆಚ್ಚುವುದಿಲ್ಲ. ಹಾಸು ಹೊಕ್ಕುಗಳಿರುವ ಬಟ್ಟೆಯಲ್ಲಿ ಒಂದು ಎಳೆ ತುಂಡಾದರೆ ಅದು ಅಲ್ಲಿಗೇ ನಿಲ್ಲುತ್ತದೆ, ಹೆಣಿಗೆಯಲ್ಲಿ ಒಂದು ಕುಣಿಕೆ ಕತ್ತರಿಸಿದರೆ ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತದೆ. ಎಳೆಗಳನ್ನು ಪಕ್ಕಕ್ಕೆ ಸರಿಸಿ ಇಳಿಯುವ ಗುಂಡುಮೊನೆಯ ಬಾಲ್‌ಪಾಯಿಂಟ್ ಸೂಜಿ ಇರುವುದು ಇದಕ್ಕಾಗಿ. ಎಲಾಸ್ಟಿಕ್ ಅಂಶ ಹೆಚ್ಚಿರುವ ಬಟ್ಟೆಗೆ, ಕುಣಿಕೆ ಚೆನ್ನಾಗಿ ಮೂಡುವಂತೆ ತಗ್ಗನ್ನು ಬೇರೆ ರೀತಿ ಕೆತ್ತಿದ ಸ್ಟ್ರೆಚ್ ಸೂಜಿ ಇದೆ. ಜೀನ್ಸ್ ಸೂಜಿ ಗಟ್ಟಿಮುಟ್ಟು. ಚರ್ಮದ ಸೂಜಿಯ ಮೊನೆ ಉಳಿಯ ಅಲಗು ಇದ್ದಂತೆ, ಕೊಯ್ದುಕೊಂಡೇ ಹೋಗುತ್ತದೆ. ಬಟ್ಟೆಗೆ ಅದನ್ನು ಹಾಕಬಾರದು.

ಇಷ್ಟೆಲ್ಲ ಆರಿಸಿ ಹಾಕಿದ ಸೂಜಿಯೂ ಸವೆಯುತ್ತದೆ. ಸುಮಾರು ಎಂಟು ಗಂಟೆ ಹೊಲಿದ ಮೇಲೆ ಬದಲಿಸಬೇಕೆಂಬುದು ಬಳಕೆಯಲ್ಲಿರುವ ಅಂದಾಜು. ಹತ್ತಿಯ ಹಾಸು, ಪಾಲಿಯೆಸ್ಟರ್ ಮುಂತಾದವು ಮೊನೆಯನ್ನು ಇನ್ನೂ ಬೇಗ ಮೊಂಡು ಮಾಡುತ್ತವೆ. ಬಟ್ಟೆಗೆ ಇಳಿಯುವಾಗ ಟಪ್ ಟಪ್ ಎಂಬ ಸದ್ದು ಬಂದರೆ ಮೊನೆ ಹೋಗಿದೆಯೆಂದು ತಿಳಿಯಬೇಕು. ಸೂಜಿಯ ತುದಿಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದಾಗ ಗೀರು ಬಿದ್ದರೆ ಅಲ್ಲೊಂದು ಮುಕ್ಕಿದೆ. ಚಿನ್ನದ ಬಣ್ಣದ ಟೈಟೇನಿಯಂ ನೈಟ್ರೈಡ್ ಲೇಪನದ ಸೂಜಿಗಳು ಹೆಚ್ಚು ಕಾಲ ಬಾಳುವುದು ನಿಜ, ಆದರೆ ಗಟ್ಟಿಯಾಗಿರುವುದು ಮೈಮೇಲಿನ ತೆಳು ಪದರ ಮಾತ್ರ; ಒಳಗಿರುವುದು ಅದೇ ಉಕ್ಕು, ಬಳುಕುವುದೂ ಮುರಿಯುವುದೂ ಉಳಿದವುಗಳಂತೆಯೇ.

ಹೊಸ ಸೂಜಿಯನ್ನು ಕೂರಿಸುವಾಗ ಅದರ ಬುಡವನ್ನು ಮೇಲಿನ ತಡೆಗೆ ತಾಗುವವರೆಗೂ ತಳ್ಳಿಯೇ ತಿರುಪು ಬಿಗಿಯಬೇಕು. ಅರ್ಧ ಮಿ.ಮೀ. ಕೆಳಗೆ ಉಳಿದರೂ ಕೊಕ್ಕೆ ಬರುವ ಹೊತ್ತಿಗೆ ಕುಣಿಕೆ ಇರಬೇಕಾದ ಎತ್ತರದಲ್ಲಿರುವುದಿಲ್ಲ. ಮನೆಬಳಕೆಯ ಹೆಚ್ಚಿನ ಯಂತ್ರಗಳಿಗೆ ಹೊಂದುವ 130/705 ಎಚ್ ಮಾದರಿಯ ಸೂಜಿಗಳ ಬುಡ ಒಂದು ಬದಿಗೆ ಚಪ್ಪಟೆಯಾಗಿದೆ. ಆ ಚಪ್ಪಟೆ ಬದಿಯೂ ತಗ್ಗೂ ಒಂದೇ ಕಡೆಗಿರುವುದರಿಂದ ಅದು ಯಾವಾಗಲೂ ಕೊಕ್ಕೆಯ ಕಡೆಗೆ ಬರಬೇಕು, ಉದ್ದನೆಯ ಕಾಲುವೆ ದಾರ ಪೋಣಿಸುವ ಕಡೆಗೆ. ಕಾರ್ಖಾನೆಯ ಯಂತ್ರಗಳ ದುಂಡು ಬುಡದ ಸೂಜಿಗಳಿಗೆ ಉದ್ದವೂ ಬೇರೆ, ಬುಡದ ದಪ್ಪವೂ ಬೇರೆ. ಅಂಕಿ 90 ಎಂದೇ ಇದ್ದರೂ ಅವನ್ನು ಮನೆಯ ಯಂತ್ರಕ್ಕೆ ಹಾಕಬಾರದು. ಅರ್ಧ ಬಳಸಿ ತೆಗೆದಿಟ್ಟ ಸೂಜಿಯ ಗುರುತು ಮರೆತುಹೋದರೆ ಬುಡದ ಮೇಲಿನ ಕೆತ್ತನೆಯನ್ನು ಭೂತಗನ್ನಡಿಯಲ್ಲಿ ನೋಡಬಹುದು. ಕೆಲವು ತಯಾರಕರು ಬಣ್ಣದ ಪಟ್ಟಿಗಳನ್ನೂ ಬಳಿದಿರುತ್ತಾರೆ. ಷ್ಮೆಟ್ಸ್ ಸೂಜಿಗಳಲ್ಲಿ ಮೇಲಿನ ಹಸಿರು ಪಟ್ಟಿ ಕ್ವಿಲ್ಟಿಂಗ್ ಸೂಜಿಯದು, ಕೆಳಗಿನ ಪಟ್ಟಿ ಗುಲಾಬಿಯಾದರೆ ಅಳತೆ 75, ನೀಲಿಯಾದರೆ 90.