ಸಾಕು ಅನ್ನುವ ಮಾತು ದೊಡ್ಡ ಕರುಳಿನಿಂದಲೂ ಬರುತ್ತದೆ

ತೂಕ ಇಳಿಸುವ ಇಂಜೆಕ್ಷನ್‌ಗಳ ಮಾತು ಈಗ ಮದುವೆ ಊಟದ ಪಂಕ್ತಿಯಲ್ಲೂ ಕೇಳಿಬರುತ್ತದೆ. ಮೌಂಜಾರೊ, ವಿಗೋವಿ 2025ರಲ್ಲಿ ಭಾರತಕ್ಕೂ ಬಂದ ಮೇಲಂತೂ ಹೆಸರು ಕೇಳದವರೇ ಕಡಿಮೆ. ಈ ಔಷಧಗಳ ಗುಟ್ಟು ಜಿಎಲ್‌ಪಿ-1 ಎಂಬ ಹಾರ್ಮೋನಿನಲ್ಲಿದೆ. ಅವು ಅದರ ವೇಷ ಹಾಕಿಕೊಂಡು ಮಿದುಳಿಗೂ ಮೇದೋಜೀರಕ ಗ್ರಂಥಿಗೂ ಸುದ್ದಿ ಮುಟ್ಟಿಸುತ್ತವೆ. ಹಸಿವು ತಗ್ಗುತ್ತದೆ, ಇನ್ಸುಲಿನ್ ಬೇಕಾದಾಗ ಸರಿಯಾಗಿ ಬರುತ್ತದೆ, ಜಠರ ನಿಧಾನಕ್ಕೆ ಖಾಲಿಯಾಗುತ್ತದೆ.

ಅಸಲಿ ಜಿಎಲ್‌ಪಿ-1 ನಮ್ಮದೇ ಕರುಳಿನಲ್ಲಿ ದಿನಾ ತಯಾರಾಗುತ್ತದೆ. ಅದನ್ನು ಹೊರಡಿಸುವವರ ಪೈಕಿ ಊಟ ಮಾತ್ರ ಅಲ್ಲ, ಕರುಳಿನ ಬ್ಯಾಕ್ಟೀರಿಯಾಗಳೂ ಇವೆ. ಇದನ್ನು ಜನ ಒಂದೋ ಪವಾಡದಂತೆ ಹೇಳುತ್ತಾರೆ, ಇಲ್ಲ ಸುಮ್ನೆ ತಳ್ಳಿಹಾಕುತ್ತಾರೆ. ಎರಡೂ ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೇಗೆ ಅಂತ ನೋಡೋಣ.

ಜಿಎಲ್‌ಪಿ-1 ಮಾಡುವ ಜೀವಕೋಶಕ್ಕೆ ಎಲ್ ಕೋಶ ಅಂತ ಹೆಸರು. ಕರುಳಿನ ಒಳಪದರದಲ್ಲಿ ಬಹುಪಾಲು ಕೋಶಗಳದ್ದು ಆಹಾರ ಹೀರುವ ಕೆಲಸ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಎಲ್ ಕೋಶ ಇರುತ್ತದೆ. ಅದರ ಮೇಲ್ತುದಿ ಕಿರಿದು, ಬುಡ ಅಗಲ. ಕಿರಿದಾದ ತುದಿ ಕರುಳಿನ ಟೊಳ್ಳಿನೊಳಗೆ ಇಣುಕಿಕೊಂಡು, ಅಲ್ಲಿ ಏನು ಹಾದುಹೋಗುತ್ತಿದೆ ಎಂದು ಗಮನಿಸುತ್ತಿರುತ್ತದೆ. ಬುಡದಲ್ಲಿ ಹಾರ್ಮೋನು ತುಂಬಿದ ಪುಟ್ಟ ಚೀಲಗಳು. ಪಕ್ಕದಲ್ಲೇ ರಕ್ತನಾಳ ಮತ್ತು ನರದ ತುದಿ. ಮೇಲೆ ಸುಳಿವು ಸಿಕ್ಕರೆ ಕೆಳಗೆ ಚೀಲ ಒಡೆಯುತ್ತದೆ. ಜಿಎಲ್‌ಪಿ-1 ಜೊತೆಗೆ ಪಿವೈವೈ ಎಂಬ ಇನ್ನೊಂದು ಹಾರ್ಮೋನನ್ನೂ ಇದು ಬಿಡುತ್ತದೆ. ಅದೂ ‘ಸಾಕು’ ಅನ್ನುವ ಹಾರ್ಮೋನೇ.

ಈಗ ಒಂದು ಪ್ರಶ್ನೆ. ಎಲ್ ಕೋಶಗಳು ಹೆಚ್ಚಾಗಿರುವುದು ಸಣ್ಣ ಕರುಳಿನ ಕೊನೆಯಲ್ಲಿ ಮತ್ತು ದೊಡ್ಡ ಕರುಳಿನಲ್ಲಿ. ಅಷ್ಟು ದೂರ ಬರುವ ಹೊತ್ತಿಗೆ ಊಟದ ಸಕ್ಕರೆ, ಕೊಬ್ಬು, ಪ್ರೋಟೀನ್ ಬಹುಪಾಲು ಮೇಲೇ ಹೀರಿಹೋಗಿರುತ್ತದೆ. ಹಾಗಾದರೆ ದೊಡ್ಡ ಕರುಳಿನ ಎಲ್ ಕೋಶಗಳು ಕಾಯುತ್ತಿರುವುದು ಯಾವುದಕ್ಕೆ?

ಅಲ್ಲಿಗೆ ತಲುಪುವುದು ನಮಗೆ ಜೀರ್ಣವಾಗದ ನಾರು. ಅಲ್ಲಿ ಕಾದು ಕುಳಿತಿರುವುದು ಬ್ಯಾಕ್ಟೀರಿಯಾಗಳು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಹಾಕಿದ ಲೆಕ್ಕದಂತೆ ಒಬ್ಬ ಮನುಷ್ಯನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಎಲ್ಲ ಸೇರಿ ತೂಕ 200 ಗ್ರಾಂ ಆಸುಪಾಸು. ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲೇ. ನಾರು ಕತ್ತರಿಸುವ ಕಿಣ್ವಗಳು ನಮ್ಮ ದೇಹದಲ್ಲಿ ಬಹಳ ಕಡಿಮೆ. ಆದರೆ ಬ್ಯಾಕ್ಟಿರಾಯ್ಡಿಸ್ ಥೀಟಾಅಯೋಟಾಮೈಕ್ರಾನ್ ಎಂಬ ಒಂದೇ ಜಾತಿಯ ಬ್ಯಾಕ್ಟೀರಿಯಾದ ಹತ್ತಿರ ಅಂಥವು 200ಕ್ಕೂ ಹೆಚ್ಚಿವೆ.

ಗಾಳಿಯಾಡದ ಆ ಜಾಗದಲ್ಲಿ, ರುಬ್ಬಿಟ್ಟ ಇಡ್ಲಿ ಹಿಟ್ಟು ಹುಳಿ ಬರುವ ಹಾಗೆ, ನಾರು ನಿಧಾನಕ್ಕೆ ಹುಳಿಯುತ್ತದೆ. ಹುಟ್ಟುವುದು ಮುಖ್ಯವಾಗಿ ಮೂರು ಪುಟ್ಟ ಆಮ್ಲಗಳು: ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್. ಬ್ಯುಟಿರೇಟನ್ನು ದೊಡ್ಡ ಕರುಳಿನ ಗೋಡೆಯ ಕೋಶಗಳೇ ಇಂಧನವಾಗಿ ಉರಿಸಿಕೊಳ್ಳುತ್ತವೆ. ಉಳಿದವು ರಕ್ತ ಸೇರಿ ಯಕೃತ್ತಿನ ಕಡೆ ಹೊರಡುತ್ತವೆ. ಹೊರಡುವ ಮುಂಚೆ ಎಲ್ ಕೋಶಕ್ಕೆ ತಾವಿದ್ದೇವೆ ಎಂದು ತಿಳಿಸಿರುತ್ತವೆ. ಈ ಆಮ್ಲಗಳನ್ನು ಗುರುತಿಸುವ ಗ್ರಾಹಕಗಳು, ಅಂದರೆ ಸುಳಿವು ಹಿಡಿಯುವ ಪ್ರೋಟೀನ್‌ಗಳು, ಆ ಕೋಶದಲ್ಲಿವೆ. 2012ರಲ್ಲಿ ಕೇಂಬ್ರಿಜ್‌ನ ಫಿಯೋನಾ ಗ್ರಿಬಲ್ ಮತ್ತು ಫ್ರಾಂಕ್ ರೈಮನ್ ಅವರ ತಂಡ ಇಲಿಗಳಲ್ಲಿ ಇದನ್ನು ತೋರಿಸಿತು. ಎಫ್‌ಎಫ್‌ಎಆರ್2 ಎಂಬ ಗ್ರಾಹಕ ಇಲ್ಲದ ಇಲಿಯ ಕೋಶಗಳ ಮೇಲೆ ಈ ಆಮ್ಲ ಸುರಿದರೆ ಜಿಎಲ್‌ಪಿ-1 ಮಾಮೂಲಿನಷ್ಟು ಬರಲಿಲ್ಲ.

ಇಲಿಯಲ್ಲಿ ಆದದ್ದು ಮನುಷ್ಯರಲ್ಲೂ ಆಗುತ್ತದಾ? ಈ ಪ್ರಶ್ನೆಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗ್ಯಾರಿ ಫ್ರಾಸ್ಟ್ ಮತ್ತು ಗ್ಲಾಸ್ಗೋದ ಡಗ್ಲಸ್ ಮಾರಿಸನ್ ಹುಡುಕಿದ ದಾರಿ ನನಗೆ ತುಂಬಾ ಇಷ್ಟ. ಪ್ರೊಪಿಯೊನೇಟನ್ನು ಸುಮ್ನೆ ನುಂಗಿದರೆ ಪ್ರಯೋಜನವಿಲ್ಲ. ಅದು ಸಣ್ಣ ಕರುಳಿನಲ್ಲೇ ಹೀರಿಹೋಗುತ್ತದೆ. ಹಾಗಾಗಿ ಅವರು ಅದನ್ನು ಇನುಲಿನ್ ಎಂಬ ನಾರಿಗೆ ರಾಸಾಯನಿಕವಾಗಿ ಅಂಟಿಸಿದರು. (ಇದು ಇನ್ಸುಲಿನ್ ಅಲ್ಲ, ಚಿಕೋರಿ ಬೇರಿನಲ್ಲಿ ಸಿಗುವ ನಾರು.) ಆ ಅಂಟು ಬಿಡಿಸುವುದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಮಾತ್ರ ಆಗುವ ಕೆಲಸ. ಪ್ರೊಪಿಯೊನೇಟ್ ನೇರವಾಗಿ ಎಲ್ಲಿ ಬೇಕೋ ಅಲ್ಲೇ ಇಳಿಯಿತು.

ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಆ ಪುಡಿ 10 ಗ್ರಾಂ ತಿಂದವರ ರಕ್ತದಲ್ಲಿ ಜಿಎಲ್‌ಪಿ-1, ಪಿವೈವೈ ಎರಡೂ ಏರಿದವು. ಬಳಿಕ ಬೇಕಾದಷ್ಟು ಬಡಿಸಿಕೊಳ್ಳಿ ಅಂತ ಊಟ ಇಟ್ಟಾಗ ಅವರು ಸುಮಾರು ಶೇ 14ರಷ್ಟು ಕಡಿಮೆ ತಿಂದರು. ತೂಕ ಜಾಸ್ತಿ ಇದ್ದ 60 ಜನರನ್ನು 24 ವಾರ ಗಮನಿಸಿದ್ದು ಇನ್ನೊಂದು ಭಾಗ. ಕೊನೆವರೆಗೆ ಉಳಿದವರಲ್ಲಿ, ಬರೀ ಇನುಲಿನ್ ತಿಂದ 24 ಜನರ ಪೈಕಿ ನಾಲ್ವರ ತೂಕ ಶೇ 5ಕ್ಕಿಂತ ಹೆಚ್ಚು ಏರಿತ್ತು. ಪ್ರೊಪಿಯೊನೇಟ್ ಸಿಕ್ಕ 25 ಜನರಲ್ಲಿ ಒಬ್ಬರಿಗೂ ಅಷ್ಟು ಏರಲಿಲ್ಲ. ಗಮನಿಸಿ, ಇದು ತೂಕ ಏರದಂತೆ ತಡೆದ ಕಥೆ. ಕಿಲೋಗಟ್ಟಲೆ ಇಳಿಸಿದ ಕಥೆ ಅಲ್ಲ.

ಮರುವರ್ಷ ಅದೇ ಬಳಗ ಇನ್ನೊಂದು ವಿಚಿತ್ರ ಕಂಡಿತು. ಆ ಪುಡಿ ತಿಂದವರಿಗೆ ಎಂಆರ್‌ಐ ಯಂತ್ರದಲ್ಲಿ ತಿಂಡಿಗಳ ಚಿತ್ರ ತೋರಿಸಿದರು. ಕ್ಯಾಲರಿ ಜಾಸ್ತಿ ಇರುವ ತಿಂಡಿ ನೋಡಿದಾಗ ಮಿದುಳಿನ ಆಸೆಯ ಕೇಂದ್ರಗಳು ಎಂದಿನಷ್ಟು ಚುರುಕಾಗಲಿಲ್ಲ. ಆದರೆ ಈ ಸಲ ರಕ್ತದ ಜಿಎಲ್‌ಪಿ-1, ಪಿವೈವೈ ಬದಲಾವಣೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ. ಅಂದರೆ ಹಾರ್ಮೋನಿನದ್ದೊಂದೇ ದಾರಿ ಅಲ್ಲ. ಕರುಳಿನಿಂದ ಮಿದುಳಿಗೆ ನೇರ ವೇಗಸ್ ನರವೂ ಇದೆ ಅಲ್ವಾ?

ಬ್ಯಾಕ್ಟೀರಿಯಾಗಳ ಬಗ್ಗೆ ಬರೆಯುವಾಗ ಎಲ್ಲರೂ ಬಿಟ್ಟುಬಿಡುವ ಇನ್ನೊಂದು ಮುಖವನ್ನೂ ಹೇಳಲೇಬೇಕು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜೆಫ್ರಿ ಗಾರ್ಡನ್ ಅವರ ಪ್ರಯೋಗಾಲಯ ಒಂದೂ ಬ್ಯಾಕ್ಟೀರಿಯಾ ಇಲ್ಲದ ಇಲಿಗಳನ್ನು ಸಾಕಿತ್ತು. 2004ರಲ್ಲಿ ಅವುಗಳಿಗೆ ಮಾಮೂಲಿ ಇಲಿಯ ಕರುಳಿನ ಬ್ಯಾಕ್ಟೀರಿಯಾ ಕೊಟ್ಟರು. ಎರಡೇ ವಾರದಲ್ಲಿ ಮೈಕೊಬ್ಬು ಸುಮಾರು ಶೇ 60 ಏರಿತು, ಅದೂ ಮೊದಲಿಗಿಂತ ಕಡಿಮೆ ತಿಂದು! ನಮಗೆ ದಕ್ಕದ ಆಹಾರದಿಂದಲೂ ಬ್ಯಾಕ್ಟೀರಿಯಾಗಳು ಶಕ್ತಿ ಎತ್ತಿಕೊಡುತ್ತವೆ. ಬರಗಾಲದಲ್ಲಿ ಅದು ವರ. ಇನ್ನೂ ಒಂದು ಮಾತು: 2013ರ ಒಂದು ಅಧ್ಯಯನದಲ್ಲಿ ಬ್ಯಾಕ್ಟೀರಿಯಾ ಇಲ್ಲದ ಇಲಿಗಳ ರಕ್ತದಲ್ಲೇ ಜಿಎಲ್‌ಪಿ-1 ಹೆಚ್ಚಿತ್ತು. ಆಮ್ಲಗಳು ಸಿಗದೆ ದೊಡ್ಡ ಕರುಳಿಗೆ ಶಕ್ತಿಯ ಕೊರತೆಯಾಗಿತ್ತು. ಆಹಾರ ನಿಧಾನಕ್ಕೆ ಸಾಗಿ ಹೀರಿಕೊಳ್ಳಲು ಸಮಯ ಸಿಗಲಿ ಎಂದು ಆ ದೇಹ ಜಿಎಲ್‌ಪಿ-1 ಬಿಡುತ್ತಿತ್ತು. ಹೀಗಾಗಿ ಇದು ಒಳ್ಳೆ ಬ್ಯಾಕ್ಟೀರಿಯಾ, ಇದು ಕೆಟ್ಟದ್ದು ಎಂದು ಪಟ್ಟಿ ಮಾಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಹಾಗಿದ್ದರೆ ಸಣ್ಣಗಿರುವವರ ಬ್ಯಾಕ್ಟೀರಿಯಾ ತಂದು ದಪ್ಪಗಿರುವವರಿಗೆ ಹಾಕಿದರೆ? ಅದನ್ನೂ ಮಾಡಿ ನೋಡಿದ್ದಾರೆ. 2012ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೀಗೆ ಮಲದ ಬ್ಯಾಕ್ಟೀರಿಯಾ ಪಡೆದ ಗಂಡಸರಲ್ಲಿ ಆರು ವಾರದ ನಂತರ ಇನ್ಸುಲಿನ್ ಮೊದಲಿಗಿಂತ ಚೆನ್ನಾಗಿ ಕೆಲಸ ಮಾಡಿತು. ತೂಕ ಮಾತ್ರ ಇಳಿಯಲಿಲ್ಲ. ಮುಂದೆ ಬಾಸ್ಟನ್‌ನಲ್ಲಿ ಬೊಜ್ಜಿದ್ದ 22 ಜನರಲ್ಲಿ ಕ್ಯಾಪ್ಸೂಲ್ ಮೂಲಕ ನಡೆದ ಪ್ರಯೋಗದಲ್ಲಿ ಜಿಎಲ್‌ಪಿ-1 ಕೂಡ ಏರಲಿಲ್ಲ. ‘ನಿಮ್ಮ ಕರುಳು ಪರೀಕ್ಷೆ ಮಾಡಿ ತೂಕ ಇಳಿಸಿಕೊಡುತ್ತೇವೆ’ ಎಂಬ ಜಾಹೀರಾತು ಕಂಡಾಗ ಇದು ನೆನಪಿರಲಿ. ಮಧುಮೇಹದ ಮಾತ್ರೆ ಬಿಟ್ಟು ಇಂಥದ್ದರ ಹಿಂದೆ ಹೋಗುವುದಂತೂ ಅಪಾಯ.

ಇಂಜೆಕ್ಷನ್ ಜೊತೆ ಹೋಲಿಸುವುದೂ ತಪ್ಪು. ನಮ್ಮ ಸ್ವಂತ ಜಿಎಲ್‌ಪಿ-1 ರಕ್ತಕ್ಕೆ ಇಳಿದ ಎರಡು ನಿಮಿಷದೊಳಗೆ ಅರ್ಧ ಕರಗಿರುತ್ತದೆ. ಡಿಪಿಪಿ-4 ಎಂಬ ಕಿಣ್ವ ಅದನ್ನು ಕತ್ತರಿಸಿಹಾಕುತ್ತದೆ. ವಿಗೋವಿಯಲ್ಲಿರುವ ಸೆಮಾಗ್ಲುಟೈಡ್ ಅರ್ಧ ಕರಗಲು ಸುಮಾರು ಒಂದು ವಾರ ಬೇಕು. ಬ್ಯಾಕ್ಟೀರಿಯಾಗಳ ಸುದ್ದಿ ಮೆಲ್ಲಗಿನದು, ಆದರೆ ನಾರು ಹುಳಿಯುತ್ತಿರುವಷ್ಟು ಹೊತ್ತೂ ಬರುತ್ತಿರುತ್ತದೆ. ಬೆಳಗಿನ ತಿಂಡಿಯ ನಾರು ದೊಡ್ಡ ಕರುಳು ಮುಟ್ಟಲು ಹಲವು ಗಂಟೆ ಬೇಕು. ಬೆಳಿಗ್ಗೆ ತಿಂದದ್ದರ ಮಾತು ಮಧ್ಯಾಹ್ನದ ಊಟದ ಮೇಲೆ, ಸಂಜೆಯ ಹಸಿವಿನ ಮೇಲೆ ಬೀಳುವುದು ಹೀಗೆ.

ಇಲ್ಲಿಗೆ ವಿಷಯ ನಮ್ಮ ತಟ್ಟೆಗೇ ಬಂತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಪಟ್ಟಿ ನೋಡಿ. 100 ಗ್ರಾಂ ರಾಗಿಯಲ್ಲಿ ನಾರು 11 ಗ್ರಾಂ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಹುರುಳಿ, ಅವರೆ, ಅಲಸಂದೆ, ಬಾಳೆದಿಂಡು, ಸೊಪ್ಪಿನ ಸಾರು ಎಲ್ಲವೂ ಆ ಬ್ಯಾಕ್ಟೀರಿಯಾಗಳ ಊಟವೇ. ಬೇಯಿಸಿದ ಅನ್ನ ಆರಿ ತಣ್ಣಗಾದಾಗ ಅದರ ಪಿಷ್ಟದ ಸ್ವಲ್ಪ ಭಾಗ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ಹಾಗಾಗಿ ತಂಗಳನ್ನದಲ್ಲೂ ಅವಕ್ಕೊಂದು ಪಾಲಿದೆ. ಒಮ್ಮೆಲೇ ಕಾಳು, ನಾರು ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬುತ್ತದೆ, ಗ್ಯಾಸ್ ಆಗುತ್ತದೆ. ಆ ಗ್ಯಾಸೂ ಇದೇ ಹುಳಿಯುವಿಕೆಯ ಫಲ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರೆ ಹೊಟ್ಟೆ ಹೊಂದಿಕೊಳ್ಳುತ್ತದೆ. ಕರುಳಿನ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಮಾಡಬೇಕು.

ಮಕ್ಕಳ ಡಬ್ಬಿಯಲ್ಲಿ ಮೈದಾ ನೂಡಲ್ಸ್, ಬಿಸ್ಕತ್ತು ತುಂಬಿರುವುದು ಕಂಡಾಗ ನನಗೆ ಸ್ಟ್ಯಾನ್‌ಫರ್ಡ್‌ನ ಜಸ್ಟಿನ್ ಸೋನೆನ್‌ಬರ್ಗ್ ತಂಡದ 2016ರ ಪ್ರಯೋಗ ಕಾಡುತ್ತದೆ. ಮನುಷ್ಯರ ಕರುಳಿನ ಬ್ಯಾಕ್ಟೀರಿಯಾ ಹೊತ್ತ ಇಲಿಗಳಿಗೆ ಅವರು ನಾರು ಕಡಿಮೆ ಇರುವ ಆಹಾರ ಕೊಟ್ಟರು. ಹಲವು ಜಾತಿಯ ಬ್ಯಾಕ್ಟೀರಿಯಾಗಳು ಕ್ಷೀಣಿಸಿದವು. ಮೊದಲ ತಲೆಮಾರಿನಲ್ಲಿ ನಾರು ಮತ್ತೆ ಕೊಟ್ಟಾಗ ಬಹುಪಾಲು ಚೇತರಿಸಿಕೊಂಡವು. ಅದೇ ಆಹಾರದಲ್ಲಿ ನಾಲ್ಕು ತಲೆಮಾರು ಕಳೆದ ಮೇಲೆ ನಾರು ಕೊಟ್ಟರೂ ಹೋದವು ಮರಳಲಿಲ್ಲ. ಕಳೆದುಹೋದ ಬ್ಯಾಕ್ಟೀರಿಯಾಗಳನ್ನು ಹೊರಗಿನಿಂದ ತಂದು, ನಾರಿನ ಜೊತೆ ಕೊಟ್ಟಾಗಲೇ ಅವು ಮತ್ತೆ ನೆಲೆ ನಿಂತದ್ದು.