ಅಭ್ಯರ್ಥಿ ಕೊಟ್ಟ ನಂಬರಿಗೇ ಕರೆ ಮಾಡುವವರಿಗೆ

ನೇಮಕಾತಿ ವಿಭಾಗದವರು ಹಿನ್ನೆಲೆ ಪರಿಶೀಲಕನಾದ ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ರಿಪೋರ್ಟ್ ಗ್ರೀನ್ ಬಂತೇ?” ಅಂದರೆ, ಅಭ್ಯರ್ಥಿಯ ಕುರಿತ ವರದಿಯಲ್ಲಿ ಯಾವ ತೊಂದರೆಯೂ ಇಲ್ಲ ತಾನೇ ಎಂದು. ಆ ಗ್ರೀನ್‌ಗಾಗಿ ಯಾರನ್ನು ವಿಚಾರಿಸಲಾಯಿತು, ಅವರನ್ನು ಯಾವ ದಾರಿಯಿಂದ ತಲುಪಲಾಯಿತು ಎಂದು ಕೇಳುವವರು ಅಪರೂಪ. ಉದ್ಯೋಗಿಗಳ ಹಿನ್ನೆಲೆ ಪರಿಶೀಲನೆ ಏಕೆ ಬೇಕೆಂಬುದನ್ನು ನಾನಿಲ್ಲಿ ವಿವರಿಸುವುದಿಲ್ಲ. ಹಣವನ್ನೋ, ರೋಗಿಗಳನ್ನೋ, ಇತರರ ಖಾಸಗಿ ಮಾಹಿತಿಯನ್ನೋ ಒಬ್ಬ ಅಪರಿಚಿತರ ಕೈಗೆ ಒಪ್ಪಿಸುವ ಎಲ್ಲ ಸಂಸ್ಥೆಗಳಿಗೂ ಅದು ತಿಳಿದದ್ದೇ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದಿರುವುದು ಬೇರೊಂದು ಮಾತು: ಅಭ್ಯರ್ಥಿ ತಂದ ಕಾಗದವನ್ನು ಅಭ್ಯರ್ಥಿಯೇ ತೋರಿಸಿದ ದಾರಿಯಲ್ಲಿ ಹೋಗಿ ಖಚಿತಪಡಿಸಿಕೊಂಡರೆ ಅದು ಪರಿಶೀಲನೆ ಆಗುವುದಿಲ್ಲ.

ಒಮ್ಮೆ ಲೆಕ್ಕಪತ್ರ ವಿಭಾಗಕ್ಕೆ ಆಯ್ಕೆಯಾಗಿದ್ದ ವ್ಯಕ್ತಿಯೊಬ್ಬರ ಕಡತ ನಮ್ಮಲ್ಲಿಗೆ ಬಂತು. ಅನುಭವ ಪತ್ರದಲ್ಲಿ ಲೆಟರ್‌ಹೆಡ್, ಮೊಹರು, ಸಹಿ ಎಲ್ಲವೂ ಅಚ್ಚುಕಟ್ಟಾಗಿದ್ದವು. ಅದರ ಕೆಳಗೇ ಇದ್ದ ಮೊಬೈಲ್ ಸಂಖ್ಯೆಗೆ ಸಂಸ್ಥೆಯವರು ಆಗಲೇ ಕರೆ ಮಾಡಿದ್ದರು, ಹಳೆಯ ಮ್ಯಾನೇಜರ್ ಬಾಯ್ತುಂಬ ಹೊಗಳಿಯೂ ಇದ್ದರು. ನಮ್ಮಿಂದ ಬೇಕಿದ್ದದ್ದು ನಿಯಮದ ಪ್ರಕಾರ ಒಂದು ರುಜು ಮಾತ್ರ. ಕಂಪನಿ ನೋಂದಣಿ ದಾಖಲೆಗಳನ್ನು ತೆಗೆದು ನೋಡಿದರೆ, ಪತ್ರದಲ್ಲಿ ಹೇಳಿದ್ದ ಸೇವಾವಧಿ ಆರಂಭವಾಗುವ ಮುಂಚೆಯೇ ಆ ಕಂಪನಿ ಮುಚ್ಚಿಹೋಗಿತ್ತು. ಫೋನಿನಲ್ಲಿ ಮಾತಾಡಿದ ಮ್ಯಾನೇಜರ್ ಯಾರೆಂಬುದು ಕೊನೆಗೂ ತಿಳಿಯಲಿಲ್ಲ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎನ್ನುತ್ತಾರಲ್ಲ, ಹಾಗೆ.

ಆದ್ದರಿಂದ, ಬೇಸರವಾದರೂ ಸರಿ, ಇನ್ನೊಮ್ಮೆ ಹೇಳುತ್ತೇನೆ. ನೋಟರಿಯ ಮೊಹರಿರುವ ನಕಲು ಪ್ರತಿ, ಅದು ನೋಟರಿಯ ಮುಂದಿಟ್ಟ ಕಾಗದವನ್ನು ಹೋಲುತ್ತದೆ ಎಂದಷ್ಟೇ ಹೇಳುತ್ತದೆ. ಆ ಕಾಗದ ಅಸಲಿ ಎಂದು ಹೇಳುವುದಿಲ್ಲ. ಪದವಿ ಪತ್ರದ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅದನ್ನು ಮುದ್ರಿಸಿದವರು ಬಯಸಿದ ಜಾಲತಾಣ ತೆರೆದುಕೊಳ್ಳುತ್ತದೆ. ಅದು ವಿಶ್ವವಿದ್ಯಾಲಯದ ಜಾಲತಾಣವೇ ಆಗಿರಬೇಕೆಂದಿಲ್ಲ. ಉತ್ತರ ಬಂದ ಇಮೇಲ್ ವಿಳಾಸ ಕಂಪನಿಯ ಹೆಸರಿನಂತೆಯೇ ಕಂಡರೂ ಡೊಮೈನ್‌ನಲ್ಲಿ, ಅಂದರೆ @ ಚಿಹ್ನೆಯ ನಂತರದ ಭಾಗದಲ್ಲಿ, ಒಂದು ಅಕ್ಷರ ಹೆಚ್ಚಿರಬಹುದು. 2015ರಲ್ಲಿ ಬಯಲಾದ ಪಾಕಿಸ್ತಾನದ ಆಕ್ಸಾಕ್ಟ್ ಸಂಸ್ಥೆಯ ಹಗರಣದಲ್ಲಿ ನಕಲಿ ವಿಶ್ವವಿದ್ಯಾಲಯಗಳ ಜೊತೆಗೆ, ಅವುಗಳಿಗೆ ಮಾನ್ಯತೆ ನೀಡುವ ನಕಲಿ ಮಂಡಳಿಗಳೂ ಇದ್ದವು. ಹೀಗಿರುವಾಗ ಸಂಪರ್ಕ ಸಂಖ್ಯೆಯನ್ನು ಸರ್ಕಾರಿ ನೋಂದಣಿಯಿಂದಲೋ, ನೀವೇ ಹುಡುಕಿ ದೃಢಪಡಿಸಿಕೊಂಡ ಅಧಿಕೃತ ಮೂಲದಿಂದಲೋ ಪಡೆದು, ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗವನ್ನೋ ಕಂಪನಿಯ ಎಚ್‌ಆರ್ ವಿಭಾಗವನ್ನೋ ನೇರವಾಗಿ ಕೇಳುವುದನ್ನು ಬಿಟ್ಟು ಬೇರೆ ಉಪಾಯ ನನಗೆ ಗೊತ್ತಿಲ್ಲ.

ಹುದ್ದೆ ದೊಡ್ಡದಾದಷ್ಟೂ ಈ ಕೇಳುವಿಕೆ ಸಡಿಲವಾಗುವುದು ವಿಚಿತ್ರ. ಯಾಹೂ ಕಂಪನಿಯ ಮುಖ್ಯಸ್ಥರಾಗಿದ್ದ ಸ್ಕಾಟ್ ಥಾಂಪ್ಸನ್ 2012ರಲ್ಲಿ ಕೆಲವೇ ತಿಂಗಳಲ್ಲಿ ಹುದ್ದೆ ಬಿಡಬೇಕಾಯಿತು. ಅವರ ಪರಿಚಯ ಪತ್ರದಲ್ಲಿದ್ದ ಕಂಪ್ಯೂಟರ್ ವಿಜ್ಞಾನದ ಪದವಿ ಅವರಿಗೆ ಇರಲಿಲ್ಲ, ಇದ್ದದ್ದು ಲೆಕ್ಕಶಾಸ್ತ್ರದ ಪದವಿ. ಅದನ್ನು ಪತ್ತೆ ಮಾಡಿದ್ದು ಆಡಳಿತ ಮಂಡಳಿಯಲ್ಲ, ಕಂಪನಿಯ ಷೇರು ಹೊಂದಿದ್ದ ಒಂದು ಹೂಡಿಕೆ ಸಂಸ್ಥೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರವೇಶ ವಿಭಾಗದ ಡೀನ್ ಆಗಿದ್ದ ಮ್ಯಾರಿಲೀ ಜೋನ್ಸ್ 1979ರಲ್ಲಿ ಅಲ್ಲಿ ಸಣ್ಣ ಹುದ್ದೆಗೆ ಸೇರಿ ಬಡ್ತಿ ಪಡೆಯುತ್ತ ಬಂದವರು. ಇಲ್ಲದ ಪದವಿಗಳನ್ನು ಹೇಳಿಕೊಂಡದ್ದು ಬೆಳಕಿಗೆ ಬಂದು 2007ರಲ್ಲಿ ರಾಜೀನಾಮೆ ನೀಡಿದರು. ಒಳಗಿನವರಿಗೆ ಬಡ್ತಿ ಕೊಡುವಾಗ ಪರಿಶೀಲನೆ ಬೇಡವೆನ್ನುವ ಗ್ರಾಹಕರಿಗೆ ನಾನು ಈ ಪ್ರಕರಣವನ್ನು ನೆನಪಿಸುವುದುಂಟು.

ಇಷ್ಟು ಹೇಳಿದ ಮೇಲೆ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ದಾಖಲೆಯಲ್ಲಿ ಸಣ್ಣ ವ್ಯತ್ಯಾಸ ಕಂಡರೂ ಅಭ್ಯರ್ಥಿಯನ್ನು ಸುಳ್ಳುಗಾರನೆಂದು ತೀರ್ಮಾನಿಸಿಬಿಡುತ್ತಾರೆ. ಅದು ನನಗೆ ಹೆಚ್ಚು ಸಂಕಟ ತರುತ್ತದೆ. ಜನರ ಸಾಲದ ಇತಿಹಾಸವನ್ನು ಸಂಗ್ರಹಿಸುವ ಅಮೆರಿಕದ ಟ್ರಾನ್ಸ್‌ಯೂನಿಯನ್ ಸಂಸ್ಥೆ ಹೆಸರು ಮತ್ತು ಉಪನಾಮವನ್ನಷ್ಟೇ ತಾಳೆ ನೋಡಿ ಜನರ ಸಾಲ ದಾಖಲೆಗಳಿಗೆ ಭಯೋತ್ಪಾದಕರ ಪಟ್ಟಿಯ ಎಚ್ಚರಿಕೆಯನ್ನು ಅಂಟಿಸಿತ್ತು. ಇದರ ವಿರುದ್ಧದ ಮೊಕದ್ದಮೆ 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮುಂದೆ ಬಂದಾಗ ಫಿರ್ಯಾದಿಗಳ ಗುಂಪಿನಲ್ಲಿ 8,185 ಜನರಿದ್ದರು. ಅದು ನೇಮಕಾತಿಯ ಪ್ರಕರಣವಲ್ಲ, ಆದರೆ ನ್ಯಾಯಾಲಯದ ದಾಖಲೆಗಳನ್ನು ಬರಿಯ ಹೆಸರಿನಿಂದ ಹುಡುಕುವ ಪರಿಶೀಲಕರು ಮಾಡುವುದೂ ಅದನ್ನೇ. ಹುಟ್ಟಿದ ದಿನಾಂಕ, ವಿಳಾಸ ಇತ್ಯಾದಿ ಹೊಂದದೆ ಯಾರದೋ ಅಪರಾಧವನ್ನು ಇನ್ಯಾರದೋ ಕಡತಕ್ಕೆ ಸೇರಿಸಬಾರದು.

ಮದುವೆಯ ನಂತರ ಹೆಸರು ಬದಲಾದವರು, ಕಂಪನಿ ಕೈಬದಲಾದ್ದರಿಂದ ಸಂಬಳದ ಚೀಟಿಯಲ್ಲಿ ಬೇರೆ ಸಂಸ್ಥೆಯ ಹೆಸರಿರುವವರು, ಯುದ್ಧದಲ್ಲಿ ವಿಶ್ವವಿದ್ಯಾಲಯದ ದಾಖಲೆಗಳೇ ನಾಶವಾದವರು ಇದ್ದಾರೆ. ಇಂಥವರ ವರದಿಯಲ್ಲಿ ‘ಖಚಿತಪಡಿಸಲಾಗಲಿಲ್ಲ’ ಎಂದು ಬಂದರೆ ಅದನ್ನು ‘ಸುಳ್ಳು’ ಎಂದು ಓದಬಾರದು. ‘ಸರಿಯಿದೆ’ ಎಂದೂ ಓದಬಾರದು. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ, ನಾನು ವಕೀಲನೂ ಅಲ್ಲ, ಹಾಗಾಗಿ ನಿಮ್ಮ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಅಮೆರಿಕದ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಯ ಪ್ರಕಾರ, ಹೊರಗಿನ ಏಜೆನ್ಸಿ ಕೊಟ್ಟ ವರದಿಯ ಆಧಾರದಲ್ಲಿ ಉದ್ಯೋಗ ನಿರಾಕರಿಸುವ ಮುನ್ನ ಅದರ ಪ್ರತಿಯನ್ನು ಅಭ್ಯರ್ಥಿಗೆ ಕೊಡಬೇಕು. ಅಂಥ ಕಾನೂನು ಇಲ್ಲದ ಕಡೆಯೂ ನಾನು ಗ್ರಾಹಕರಿಗೆ ಅದನ್ನೇ ಸೂಚಿಸುತ್ತೇನೆ: ಮೊದಲು ವರದಿಯನ್ನು ಅಭ್ಯರ್ಥಿಯ ಕೈಗೆ ಕೊಡಿ, ಉತ್ತರಿಸಲು ಕೆಲವು ದಿನ ಬಿಡಿ, ಅವರು ಕೊಟ್ಟ ವಿವರಣೆಯನ್ನೂ ಮೂಲದಲ್ಲೇ ವಿಚಾರಿಸಿ.